ಓದುಗರ ಪ್ರಶ್ನೆ: ಫ್ಯೂಯೆಲ್ ಸೆಲ್ ಎಲೆಕ್ಟ್ರೋಡ್ ಕೈಕೊಡುವುದು ಎಲ್ಲಿ?

ಪ್ರಶ್ನೆ: ಹೈಡ್ರೋಜನ್ ಮತ್ತು ಆಕ್ಸಿಜನ್ನಿನಿಂದ ವಿದ್ಯುತ್ ಕೊಡುವ ಫ್ಯೂಯೆಲ್ ಸೆಲ್ಲಿನ 25 ಚದರ ಸೆಂ.ಮೀ. ಅಳತೆಯ ಕ್ಯಾಥೋಡಿಗೆ (ಆಕ್ಸಿಜನ್ ಕಡೆಯ ಎಲೆಕ್ಟ್ರೋಡ್) ಹಚ್ಚುವ ಕ್ಯಾಟಲಿಸ್ಟ್ ಶಾಯಿ ತಯಾರಿಸಬೇಕಿದೆ. 40 ಶೇಕಡಾ ಪ್ಲಾಟಿನಂ ಇರುವ ಕಾರ್ಬನ್ ಪುಡಿ, 5 ಶೇಕಡಾ ನಾಫಿಯಾನ್ (ಪ್ರೋಟಾನ್ ಸಾಗಿಸುವ ಪಾಲಿಮರ್) ದ್ರಾವಣ, ಐಸೊಪ್ರೊಪೈಲ್ ಆಲ್ಕೋಹಾಲ್ ಇವೆ. ಯಾವುದು ಎಷ್ಟು? ಯಾವುದು ಮೊದಲು?

ಉತ್ತರ: ಲೆಕ್ಕವನ್ನು ಪ್ಲಾಟಿನಂನಿಂದ ಹಿಡಿಯಿರಿ. ಚದರ ಸೆಂ.ಮೀ.ಗೆ 0.4 ಮಿ.ಗ್ರಾಂ ಎಂದುಕೊಂಡರೆ ಒಟ್ಟು 10 ಮಿ.ಗ್ರಾಂ ಪ್ಲಾಟಿನಂ, ಅಂದರೆ 25 ಮಿ.ಗ್ರಾಂ ಪುಡಿ. ಅದರಲ್ಲಿ ಕಾರ್ಬನ್ 15 ಮಿ.ಗ್ರಾಂ. ನಾಫಿಯಾನನ್ನು ಅಳೆಯಬೇಕಾದದ್ದು ಈ ಕಾರ್ಬನ್ನಿಗೆ ಹೋಲಿಸಿ, ಇಡೀ ಪುಡಿಗೆ ಹೋಲಿಸಿ ಅಲ್ಲ. 0.8 ಅನುಪಾತ ಹಿಡಿದರೆ 12 ಮಿ.ಗ್ರಾಂ ಒಣ ನಾಫಿಯಾನ್, ಅಂದರೆ 240 ಮಿ.ಗ್ರಾಂ ದ್ರಾವಣ. ಜೊತೆಗೆ ನೀರು 1 ಮಿ.ಲೀ., ಆಲ್ಕೋಹಾಲ್ 3 ಮಿ.ಲೀ. ಆಗ ಘನಾಂಶ ಸುಮಾರು 1 ಶೇಕಡಾ ಬರುತ್ತದೆ, ಸ್ಪ್ರೇ ಮಾಡಲು ಹದವಾಗಿರುತ್ತದೆ. ಸ್ಪ್ರೇಯಲ್ಲಿ ಮೂರನೇ ಒಂದು ಪಾಲು ಅಂಚಿನಾಚೆ ಹೋಗುವುದು ಸಾಮಾನ್ಯ. ಹಾಗಾಗಿ ಎಲ್ಲವನ್ನೂ ಒಂದೂವರೆ ಪಟ್ಟು ತೂಗಿಕೊಳ್ಳಿ.

ಮೊದಲು ಹಾಕಬೇಕಾದದ್ದು ನೀರು. ಇದರಲ್ಲಿ ರಾಜಿ ಬೇಡ. ಒಣಗಿದ ಪ್ಲಾಟಿನಂ ಪುಡಿಯ ಮೇಲೆ ನೇರವಾಗಿ ಆಲ್ಕೋಹಾಲ್ ಸುರಿದರೆ ಗಾಳಿಯ ಆಕ್ಸಿಜನ್ ಜೊತೆ ಸೇರಿ ಅಲ್ಲೇ ಹೊತ್ತಿಕೊಳ್ಳಬಹುದು. ಪುಡಿ ಪೂರ್ತಿ ನೆನೆದ ಮೇಲೆ ನಾಫಿಯಾನ್, ಕೊನೆಗೆ ಆಲ್ಕೋಹಾಲ್. ನಂತರ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಅರ್ಧ ಗಂಟೆ ಇಡಿ, ತೊಟ್ಟಿಯ ನೀರಿಗೆ ಮಂಜುಗಡ್ಡೆ ಹಾಕುತ್ತಿರಿ. ಬಿಸಿಯಾದರೆ ಆಲ್ಕೋಹಾಲ್ ಆವಿಯಾಗಿ ನಿಮ್ಮ ಲೆಕ್ಕವೆಲ್ಲ ತಪ್ಪುತ್ತದೆ. ಗಾಜಿನ ಮೇಲೆ ಒಂದು ತೊಟ್ಟು ಬಿಟ್ಟು ಓರೆ ಮಾಡಿ ನೋಡಿ: ಹರಿದ ದಾರಿಯಲ್ಲಿ ತರಿ ಕಂಡರೆ ಇನ್ನಷ್ಟು ಹೊತ್ತು ಬೇಕು.

ಸ್ಪ್ರೇ ಮಾಡುವಾಗ ಪೊರೆಯನ್ನು (ಎರಡು ಎಲೆಕ್ಟ್ರೋಡುಗಳ ನಡುವೆ ಕೂತು ಪ್ರೋಟಾನನ್ನು ದಾಟಿಸುವ ತೆಳು ಹಾಳೆ) 70–80 ಡಿಗ್ರಿಯ ನಿರ್ವಾತ ಹಲಗೆಯ (ಹಾಳೆಯನ್ನು ಹೀರಿ ಹಿಡಿದಿಡುವ ಬಿಸಿ ಹಲಗೆ) ಮೇಲೆ ಹರಡಿ, ತೆಳುವಾಗಿ ಹಲವು ಬಾರಿ ಹೊಡೆಯಿರಿ, ಪ್ರತಿ ಸಲವೂ ಒಣಗಲು ಬಿಡಿ. ಪೊರೆ ಗಾಳಿಯ ತೇವ ಹೀರಿ ತೂಕ ಬದಲಿಸುತ್ತದೆ. ಆದ್ದರಿಂದ ಪಕ್ಕದಲ್ಲೇ ಒಂದು ತುಂಡು ಅಲ್ಯೂಮಿನಿಯಂ ಹಾಳೆ ಇಟ್ಟು, ಅದರ ತೂಕದಿಂದ ಪ್ಲಾಟಿನಂ ಪ್ರಮಾಣ ಲೆಕ್ಕ ಹಾಕುವುದು ಹೆಚ್ಚು ನಂಬಿಕೆಗೆ ಅರ್ಹ.

ನಾಫಿಯಾನ್ ಕಡಿಮೆಯಾದರೆ ಪ್ರೋಟಾನಿಗೆ ದಾರಿಯಿಲ್ಲ, ಹೆಚ್ಚಾದರೆ ರಂಧ್ರ ಮುಚ್ಚಿ ಆಕ್ಸಿಜನ್ನಿಗೆ ದಾರಿಯಿಲ್ಲ. ಕಡಿಮೆ ಕರೆಂಟಿನಲ್ಲಿ ಚೆನ್ನಾಗಿದ್ದ ಸೆಲ್ ಹೆಚ್ಚಿನ ಕರೆಂಟಿನಲ್ಲಿ ಕುಸಿಯುತ್ತಿದ್ದರೆ ಪ್ಲಾಟಿನಂ ಹೆಚ್ಚಿಸುವ ಮೊದಲು ಈ ಅನುಪಾತವನ್ನು ನೋಡಿ. ದುಬಾರಿ ಲೋಹದ ಮೇಲೆ ಅನುಮಾನ ಪಡುವ ಚಟ ಎಲ್ಲರಿಗೂ ಇದೆ, ಅದರ ತಪ್ಪು ಇರುವುದು ಅಪರೂಪ.

ಪ್ರಶ್ನೆ: ಬ್ಲೇಡಿನಿಂದ ಬಳಿದ ಪದರ ಒಣಗಿದಾಗ ಬತ್ತಿದ ಕೆರೆಯಂತೆ ಬಿರಿಯುತ್ತದೆ. ಏಕೆ?

ಉತ್ತರ: ಕೆರೆ ಬಿರಿಯುವ ಕಾರಣವೇ ಇಲ್ಲಿಯೂ ಇದೆ. ದ್ರವ ಹೊರಟಾಗ ಕಣಗಳ ನಡುವಿನ ಸಣ್ಣ ಸಂದುಗಳಲ್ಲಿ ಉಳಿದ ನೀರು ಅವನ್ನು ಒಂದಕ್ಕೊಂದು ಎಳೆಯುತ್ತದೆ. ತಳ ಕುಗ್ಗುವುದಿಲ್ಲ, ಪದರ ಕುಗ್ಗಲು ನೋಡುತ್ತದೆ. ದಪ್ಪ ಒಂದು ಮಿತಿ ಮೀರಿದರೆ ಬಿರಿಯುತ್ತದೆ. ನೀರಿನ ಮೇಲ್ಮೈ ಎಳೆತ 72 ಮಿಲಿನ್ಯೂಟನ್/ಮೀಟರ್, ಐಸೊಪ್ರೊಪೈಲ್ ಆಲ್ಕೋಹಾಲಿನದು ಸುಮಾರು 21. ನೀರು ಹೆಚ್ಚಿರುವ ಶಾಯಿ ಹೆಚ್ಚು ಬಿರಿಯುವುದು ಇದರಿಂದಲೇ.

ಒಂದೇ ಸಲ ದಪ್ಪಗೆ ಬಳಿಯುವ ಬದಲು ಎರಡು ಸಲ ತೆಳ್ಳಗೆ ಬಳಿಯಿರಿ, ಒಣಗಿಸುವ ಶಾಖ ತಗ್ಗಿಸಿ, ನೀರಿನ ಪಾಲಿನಲ್ಲಿ ಸ್ವಲ್ಪವನ್ನು ಆಲ್ಕೋಹಾಲಿಗೆ ಕೊಡಿ. ನಾಫಿಯಾನ್–ಕಾರ್ಬನ್ ಅನುಪಾತ 0.6ರಲ್ಲಿದ್ದರೆ 0.8ಕ್ಕೆ ಏರಿಸಿ ನೋಡಿ, ನಾಫಿಯಾನ್ ಇಲ್ಲಿ ಅಂಟಿನ ಕೆಲಸವನ್ನೂ ಮಾಡುತ್ತದೆ. ಒಂದು ಮಾತು: ಕಾರ್ಬನ್ ಪೇಪರಿನ (ಕಾರ್ಬನ್ ಎಳೆಗಳಿಂದ ಮಾಡಿದ, ಅನಿಲ ಹಾಯುವ ಹಾಳೆ) ಮೇಲೆ ಬಳಿಯುತ್ತಿದ್ದರೆ ಬಿರುಕು ಪೇಪರಿನದೇ ಇರಬಹುದು, ನಿಮ್ಮ ಪದರ ಅದನ್ನೇ ಮೇಲಕ್ಕೆ ತೋರಿಸುತ್ತದೆ. ಬರಿಯ ಪೇಪರನ್ನು ಮೈಕ್ರೋಸ್ಕೋಪಿನಲ್ಲಿ ಮೊದಲೇ ನೋಡಿಕೊಳ್ಳಿ.

ಪ್ರಶ್ನೆ: ಟೆಫ್ಲಾನ್ ಹಾಳೆಯ ಮೇಲೆ ಪದರ ಬಳಿದು ಬಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಅದು ಪೊರೆಗೆ ಪೂರ್ತಿ ವರ್ಗಾವಣೆಯಾಗುತ್ತಿಲ್ಲ. ಪ್ರೆಸ್ಸಿನ ಮೀಟರ್ 4 ಮೆಗಾಪಾಸ್ಕಲ್ ತೋರಿಸುತ್ತದೆ.

ಉತ್ತರ: ಮೀಟರ್ ತೋರಿಸುವುದು ಎಣ್ಣೆಯ ಒತ್ತಡ, ನಿಮ್ಮ ಹಾಳೆಯ ಮೇಲಿನದಲ್ಲ. 25 ಚದರ ಸೆಂ.ಮೀ. ಮೇಲೆ 4 ಮೆಗಾಪಾಸ್ಕಲ್ ಬೇಕೆಂದರೆ 10 ಕಿಲೋನ್ಯೂಟನ್, ಅಂದರೆ ಸುಮಾರು ಒಂದು ಟನ್ ಭಾರ. ಮೀಟರಿನ ಒತ್ತಡವನ್ನು ಪಿಸ್ಟನ್ನಿನ ವಿಸ್ತೀರ್ಣದಿಂದ ಗುಣಿಸಿ, ಬಂದ ಬಲವನ್ನು ಎಲೆಕ್ಟ್ರೋಡಿನ ವಿಸ್ತೀರ್ಣದಿಂದ ಭಾಗಿಸಿ. ಶಾಖ 130–135 ಡಿಗ್ರಿ, ಹೊತ್ತು 3 ನಿಮಿಷ. ಒತ್ತಿನಲ್ಲೇ ತಣಿಸಿ, ಆಮೇಲೆ ಹಾಳೆ ಸುಲಿಯಿರಿ. ಬಿಸಿಯಲ್ಲೇ ಸುಲಿದರೆ ಪದರ ಅರ್ಧ ಅಲ್ಲಿ, ಅರ್ಧ ಇಲ್ಲಿ. ಎಷ್ಟು ದಾಟಿದೆ ಎಂದು ತಿಳಿಯಲು ಹಾಳೆಯನ್ನು ಮುಂಚೆ ಮತ್ತು ನಂತರ ತೂಗಿ.

ಪ್ರಶ್ನೆ: ಪೊರೆ ತೊಳೆಯಲು ನಲ್ಲಿ ನೀರು ಸಾಲದೇ?

ಉತ್ತರ: ಸಾಲದು. ಕ್ಯಾಲ್ಸಿಯಂ, ಸೋಡಿಯಂ ಅಯಾನುಗಳು ಪ್ರೋಟಾನಿನ ಜಾಗದಲ್ಲಿ ಕೂತುಬಿಡುತ್ತವೆ. ಕಬ್ಬಿಣವಾದರೆ ಸೆಲ್ಲಿನೊಳಗೆ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದು ಪೊರೆಯನ್ನೇ ತಿನ್ನುವ ರ‍್ಯಾಡಿಕಲ್‌ಗಳನ್ನು ಮಾಡುತ್ತದೆ. ಅಯಾನುಗಳನ್ನು ತೆಗೆದ (ಡೀಅಯಾನೈಸ್ಡ್) ನೀರೇ ಬೇಕು. ಚಿಮಟವೂ ಪ್ಲಾಸ್ಟಿಕ್ಕಿನದಿರಲಿ.

ಪ್ರಶ್ನೆ: ಹೈಡ್ರೋಜನ್ ಮತ್ತು ಗಾಳಿ ಕೊಟ್ಟರೂ, ಲೋಡ್ ಇಲ್ಲದಾಗ 0.82 ವೋಲ್ಟ್ ಮಾತ್ರ. 1.23 ಬರಬೇಕಲ್ಲವೇ?

ಉತ್ತರ: 1.23 ಪುಸ್ತಕದ ಸಂಖ್ಯೆ. ಒಳ್ಳೆಯ ಸೆಲ್ 0.95ರ ಆಸುಪಾಸು ಕೊಡುತ್ತದೆ. 0.82 ಎಂದರೆ ಪೊರೆ ಸೋರುತ್ತಿದೆ ಅಥವಾ ಎರಡು ಎಲೆಕ್ಟ್ರೋಡುಗಳು ಎಲ್ಲೋ ತಾಗುತ್ತಿವೆ. ಗಾಳಿಯ ಬದಲು ನೈಟ್ರೋಜನ್ ಹಾಯಿಸಿ, ವೋಲ್ಟೇಜನ್ನು 0.1ರಿಂದ 0.5ರವರೆಗೆ ನಿಧಾನವಾಗಿ ಏರಿಸುತ್ತಾ ಕರೆಂಟ್ ಅಳೆಯಿರಿ. ಕರೆಂಟಿನ ಗ್ರಾಫಿನ ಗೆರೆ ಮಟ್ಟಸವಾಗಿದ್ದರೆ ಅದು ಹೈಡ್ರೋಜನ್ ಸೋರಿಕೆ. ತೆಳು ಪೊರೆಗೆ ಚದರ ಸೆಂ.ಮೀ.ಗೆ 1ರಿಂದ 3 ಮಿಲಿಆಂಪಿಯರ್ ಸಹಜ, ಅದರ ಹಲವು ಪಟ್ಟು ಬಂದರೆ ತೂತಿದೆ. ಗೆರೆ ವೋಲ್ಟೇಜಿನ ಜೊತೆ ಏರುತ್ತಾ ಹೋದರೆ ಶಾರ್ಟ್, ಸಾಮಾನ್ಯವಾಗಿ ಕಾರ್ಬನ್ ಪೇಪರಿನ ಎಳೆ ಪೊರೆಗೆ ಚುಚ್ಚಿಕೊಂಡಿರುತ್ತದೆ.

ಆ ಚುಚ್ಚುವಿಕೆಗೆ ಕಾರಣ ಬಹುತೇಕ ತೆಳುವಾದ ಗ್ಯಾಸ್ಕೆಟ್ (ಅಂಚಿನಲ್ಲಿ ಸೋರಿಕೆ ತಡೆಯುವ ಚೌಕಟ್ಟು). 240 ಮೈಕ್ರಾನ್ ಪೇಪರನ್ನು 20 ಶೇಕಡಾ ಒತ್ತಬೇಕಾದರೆ ಕುಗ್ಗದ ಗ್ಯಾಸ್ಕೆಟ್ 192 ಮೈಕ್ರಾನ್ ಇರಬೇಕು. 200 ಹಾಕಿದರೂ ನಡೆಯುತ್ತದೆ, 150 ಹಾಕಿದರೆ ಪೇಪರ್ ನುಚ್ಚಾಗುತ್ತದೆ. ಬೋಲ್ಟ್‌ಗಳನ್ನು ಎದುರುಬದುರಾಗಿ, ಟಾರ್ಕ್ ರೆಂಚಿನಿಂದ ಮೂರು ಸುತ್ತಿನಲ್ಲಿ ಬಿಗಿಯಿರಿ.