ಕಣದಲ್ಲಿ ಸೇರು ಯಾರ ಕೈಯಲ್ಲಿತ್ತು?

ಮಾಸ್ತರೇ, ನಮಸ್ಕಾರ.

ಕುಷ್ಟಗಿ ಸೀಮೆಯಿಂದ ನೀವು ಬರೆದ ನಾಲ್ಕು ಪುಟದ ಪತ್ರ ಬಂದು ಮೂರು ವಾರ ಆಯಿತು. ಉತ್ತರ ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಪೂರ್ತಿ ಅಚ್ಚು ಹಾಕಲು ಜಾಗ ಇಲ್ಲ, ಹಾಗಾಗಿ ಉಳಿದ ಓದುಗರಿಗೆ ತಿರುಳು ಮಾತ್ರ ಹೇಳುತ್ತೇನೆ. ಹೋದ ಸಂಚಿಕೆಯಲ್ಲಿ ಗ್ಯಾರಂಟಿ ಯೋಜನೆಗಳ ಬಗ್ಗೆ ಎರಡು ಲೇಖನ ಇದ್ದವು. ಒಬ್ಬರು "ಸರ್ಕಾರ ಜನರಿಗೆ ಅಪ್ಪ ಆಗಬಾರದು, ದುಡಿದು ತಿನ್ನಲಿ" ಎಂದರು. ಇನ್ನೊಬ್ಬರು "ಹಿಂದೆ ಊರೇ ಒಂದು ಮನೆ ಇದ್ದ ಹಾಗಿತ್ತು, ದೊಡ್ಡವರು ಸಣ್ಣವರನ್ನು ಮಕ್ಕಳಂತೆ ನೋಡಿಕೊಳ್ಳುತ್ತಿದ್ದರು" ಎಂದು ಮರುಗಿದರು. ಇಬ್ಬರ ಹೆಸರಿನ ಕೆಳಗೂ ನಾವು 'ಸಂಪ್ರದಾಯವಾದಿ ಚಿಂತಕರು' ಎಂದು ಹಾಕಿದ್ದೆವು. ಅದಕ್ಕೆ ನಿಮ್ಮ ಪ್ರಶ್ನೆ: "ಒಬ್ಬರಿಗೆ ಅಪ್ಪ ಬೇಡ, ಒಬ್ಬರಿಗೆ ಅಪ್ಪ ಬೇಕು. ಇಬ್ಬರೂ ಒಂದೇ ಗುಂಪು ಹೆಂಗ್ರೀ? ಸುಮ್ನೆ ಹಣೆಪಟ್ಟಿ ಹಚ್ಚೀರಿ."

ಹಚ್ಚಿದ್ದು ನಾನೇ. ಒಂದು ಪದದಲ್ಲಿ ಮುಗಿಸುವ ಅವಸರ ಇತ್ತು. ಆದರೆ ಈ ಜಗಳ ನಮ್ಮ ಪುಟಗಳಲ್ಲಿ ಶುರುವಾದದ್ದಲ್ಲ. ಸಂಪ್ರದಾಯವಾದಿಗಳ ಮನೆತನದೊಳಗೇ ಇನ್ನೂರು ವರ್ಷಕ್ಕೂ ಜಾಸ್ತಿ ನಡೆದು ಬಂದದ್ದು.

ಮೊದಲು ಒಂದು ಪದ. ಕಾಲೇಜು ಪುಸ್ತಕಗಳಲ್ಲಿ 'ಸಾವಯವ ಸಮಾಜ' ಎಂದು ಬರೆಯುತ್ತಾರೆ. ನಮ್ಮ ಕಡೆ ಸಾವಯವ ಅಂದರೆ ಸಗಣಿ ಗೊಬ್ಬರದ ಬೇಸಾಯ, ಅಲ್ವಾ? ಪದ ಬಿಡಿಸಿದರೆ ಅವಯವಗಳಿರುವುದು ಎಂದಷ್ಟೇ ಅರ್ಥ. ಸಮಾಜ ಒಂದು ದೇಹ. ಕೈಗೆ ಕೈಯ ಕೆಲಸ, ಕಾಲಿಗೆ ಕಾಲಿನದು. ಬಿಚ್ಚಿ ಮತ್ತೆ ಜೋಡಿಸಲು ಅದು ಪಂಪ್‌ಸೆಟ್ ಅಲ್ಲ. ಹಾಗಾದರೆ ತಲೆಯಾದವನು ಕೈಕಾಲನ್ನು ನೋಡಿಕೊಳ್ಳಬೇಕು ಎಂಬುದು ಹಿಂದೆಯೇ ಬರುತ್ತದೆ. ಅದೇ ಅಪ್ಪನ ಧೋರಣೆ. ನಮ್ಮಲ್ಲಿ ನಿಜಾಮರ ಕಾಲದಿಂದ ಅದಕ್ಕೆ ಮಾಯ್‌ಬಾಪ್, ಅಂದರೆ ತಾಯಿ-ತಂದೆ, ಎಂಬ ಮಾತೇ ಇದೆ.

ಈ ದೇಹದ ಮಾತಿಗೆ ಯುರೋಪಿನಲ್ಲಿ ಎಲ್ಲರೂ ನೆನೆಯುವುದು ಎಡ್ಮಂಡ್ ಬರ್ಕ್‌ನನ್ನು. ಫ್ರಾನ್ಸಿನ ಕ್ರಾಂತಿ ಕಂಡು ಬೆಚ್ಚಿದ ಈ ಬ್ರಿಟಿಷ್ ಸಂಸದ 1790ರಲ್ಲಿ ಬರೆದ: ಸಮಾಜ ಎನ್ನುವುದು ಸತ್ತವರು, ಬದುಕಿರುವವರು, ಇನ್ನೂ ಹುಟ್ಟದವರು ಮೂವರೂ ಸೇರಿದ ಪಾಲುದಾರಿಕೆ. ಹಾಗಾದರೆ ಈತ ಬಡವರ ಅಪ್ಪನಾಗಿ ನಿಂತಿರಬೇಕು ಎಂದುಕೊಳ್ಳುತ್ತೇವೆ. ಇಲ್ಲ ಮಾಸ್ತರೇ. 1795ರಲ್ಲಿ ಧಾನ್ಯ ತುಟ್ಟಿಯಾಗಿ ಬಡವರು ಒದ್ದಾಡುತ್ತಿದ್ದಾಗ, ಜನರ ಹೊಟ್ಟೆ ತುಂಬಿಸುವುದು ಸರ್ಕಾರದ ಕೈಯಲ್ಲಿಲ್ಲ, ಮಾರುಕಟ್ಟೆಗೆ ಕೈ ಹಾಕಬೇಡಿ, ದಾನ ಮಾಡುವುದು ಒಬ್ಬೊಬ್ಬರ ಧರ್ಮ ಎಂದ. ನಮ್ಮ ಇಬ್ಬರೂ ಲೇಖಕರು ಒಬ್ಬನೇ ಮನುಷ್ಯನೊಳಗೆ ಕೂತಿದ್ದರು ನೋಡಿ.

ಆಮೇಲೆ ದಾರಿ ಕವಲೊಡೆಯಿತು. ಬ್ರಿಟನ್ನಿನ ಡಿಸ್ರೇಲಿ 1845ರ ಕಾದಂಬರಿಯೊಂದರಲ್ಲಿ ಬಡವರು, ಶ್ರೀಮಂತರು ಎರಡು ಬೇರೆ ರಾಷ್ಟ್ರಗಳೇ ಆಗಿಬಿಟ್ಟಿದ್ದಾರೆ ಎಂದು ಬರೆದ. ಪ್ರಧಾನಿಯಾದ ಮೇಲೆ 1875ರಲ್ಲಿ ಸಾರ್ವಜನಿಕ ಆರೋಗ್ಯದ ಕಾಯ್ದೆ, ಕೂಲಿಕಾರರ ಮನೆಗಳ ಕಾಯ್ದೆ ತಂದ. ಬರೀ ಕನಿಕರ ಅಲ್ಲ, ಕೆಳಗಿನವರು ರೊಚ್ಚಿಗೆದ್ದರೆ ಮೇಲಿನವರಿಗೆ ಉಳಿಗಾಲವಿಲ್ಲ ಎಂಬ ಲೆಕ್ಕವೂ ಇತ್ತು. ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ಅದನ್ನು ಇನ್ನೂ ನಾಚಿಕೆ ಬಿಟ್ಟು ಮಾಡಿದ. 1878ರಲ್ಲಿ ಸಮಾಜವಾದಿಗಳ ಬಾಯಿ ಮುಚ್ಚಿಸುವ ಕಾನೂನು ತಂದ. 1883ರಲ್ಲಿ ಕಾರ್ಮಿಕರಿಗೆ ಆರೋಗ್ಯ ವಿಮೆ, 1889ರಲ್ಲಿ ವೃದ್ಧರಿಗೆ ಪಿಂಚಣಿ ಕೊಟ್ಟ. ಬೆತ್ತವೂ ಅವನದೇ, ಬೆಲ್ಲವೂ ಅವನದೇ. ನಮ್ಮ ಅಜ್ಜಿಯ ಪಿಂಚಣಿ ಕಾಗದ ಹಿಡಿದಾಗೆಲ್ಲ ನನಗೆ ಈ ಪುಣ್ಯಾತ್ಮನ ದಪ್ಪ ಮೀಸೆ ನೆನಪಾಗುತ್ತದೆ.

ಇನ್ನೊಂದು ಕವಲು ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರದು. 1987ರ ಸಂದರ್ಶನದಲ್ಲಿ ಆಕೆ, ಸಮಾಜ ಅಂತ ಒಂದಿಲ್ಲ, ಇರುವುದು ಗಂಡಸರು, ಹೆಂಗಸರು, ಕುಟುಂಬಗಳು ಎಂದರು. ನಮ್ಮನ್ನು ನೋಡಿಕೊಂಡು ಆಮೇಲೆ ನೆರೆಯವರನ್ನೂ ನೋಡಬೇಕು ಎಂದು ಅಲ್ಲೇ ಹೇಳಿದ್ದರು. ಅದನ್ನು ಯಾರೂ ಎತ್ತಿ ಆಡುವುದಿಲ್ಲ. ಅದಕ್ಕೆ ಎರಡು ವರ್ಷ ಮೊದಲು, ಅದೇ ಪಕ್ಷದ ಹಳೇ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್, ಸರ್ಕಾರಿ ಉದ್ದಿಮೆಗಳನ್ನು ಮಾರುವುದೆಂದರೆ ಕಷ್ಟಕ್ಕೆ ಸಿಕ್ಕ ಮನೆತನದವರು ಬೆಳ್ಳಿ ಪಾತ್ರೆ ಮಾರಿಕೊಂಡ ಹಾಗೆ ಎಂದು ಚುಚ್ಚಿದ್ದರು. ಒಂದೇ ಪಕ್ಷ, ಎರಡು ಮನೆತನ. ಇವೆರಡಕ್ಕೂ ಸೇರದ ಮೈಕೆಲ್ ಓಕ್‌ಶಾಟ್ ಎಂಬ ಪ್ರಾಧ್ಯಾಪಕರಿದ್ದರು. ಅವರ ಪ್ರಕಾರ ಆಳುವವನು ಅಂಪೈರ್ ಇದ್ದ ಹಾಗೆ. ಆಟದ ನಿಯಮ ಕಾಯಬೇಕು, ತಾನೇ ಬ್ಯಾಟು ಹಿಡಿಯಬಾರದು.

ಇಷ್ಟು ದೂರ ಹೋಗಿ ಬಂದದ್ದು ನಮ್ಮ ಊರಿನ ಕಣದ ಮಾತಿಗೆ. ನೀವು ಬಡಿಗರ ಮನೆಯವರು, ನಿಮ್ಮ ತಂದೆ ಬೀಜ ಬಿತ್ತುವ ಕೂರಿಗೆ ಮಾಡುತ್ತಿದ್ದರು ಎಂದು ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ನಾನು ಕಣದ ಆಚೆ ಕಡೆಯವನು. ಸಿಂಧನೂರು ಹತ್ತಿರದ ನಮ್ಮೂರಿನಲ್ಲಿ ನಮ್ಮಜ್ಜ ಜೋಳದ ರಾಶಿ ಮಾಡಿ, ಪೂಜೆ ಮುಗಿಸಿ, ಆಯ, ಅಂದರೆ ಊರಿನ ಕಸುಬಿನವರಿಗೆ ವರ್ಷದ ಕೆಲಸಕ್ಕೆ ಕೊಡುವ ಕಾಳು, ಅಳೆಯುತ್ತಿದ್ದ. ಮೊದಲ ಸೇರಿಗೆ 'ಒಂದು' ಅನ್ನುತ್ತಿರಲಿಲ್ಲ, 'ಲಾಭ' ಅನ್ನುತ್ತಿದ್ದ. ಬಡಿಗ, ಕಮ್ಮಾರ, ಹಡಪದ, ಅಗಸ ಒಬ್ಬೊಬ್ಬರಾಗಿ ಬಂದು ಹೆಗಲ ಮೇಲಿನ ವಲ್ಲಿ ಬಟ್ಟೆ ಒಡ್ಡುತ್ತಿದ್ದರು. ಕೇರಿಯವರು ಕಣದೊಳಗೆ ಬರುವಂತಿರಲಿಲ್ಲ. ಎಲ್ಲ ಮುಗಿದ ಮೇಲೆ ಅವರಿಗೆ ಕಣ ಗುಡಿಸಿದ, ಮಣ್ಣು ಬೆರೆತ ಕಾಳು.

ಬರದ ವರ್ಷ ಅಜ್ಜ ನೆಲದೊಳಗಿನ ಕಾಳಿನ ಹಗೇವು ತೆಗೆಸಿ ಇದೇ ಜನಕ್ಕೆ ಜೋಳ ಕೊಟ್ಟ, ಲೆಕ್ಕ ಬರೆಯಲಿಲ್ಲ. ಅದೂ ನಿಜ. ಇನ್ನೊಂದೂ ನಿಜ. ನಾನು ಎಂಟು ವರ್ಷದವನಿದ್ದೆ. ಆ ವರ್ಷ ಬಡಿಗ ಏನೋ ಎದುರು ಮಾತಾಡಿದ್ದನಂತೆ. ಬೇರೆಯವರಿಗೆ ಸೇರಿನ ಮೇಲೆ ಗೋಪುರ ಬರುವ ಹಾಗೆ ಅಳೆದ ಅಜ್ಜ, ಅವನ ಸರದಿ ಬಂದಾಗ ಸೇರಿನ ಬಾಯಿಯ ಮೇಲೆ ಅಂಗೈ ಎಳೆದು ಮಟ್ಟ ಮಾಡಿದ. ಸೇರು ಸೇರೇ, ಕಡಿಮೆ ಕೊಟ್ಟ ಅನ್ನುವಂತಿಲ್ಲ. ಬಡಿಗ ವಲ್ಲಿ ಕಟ್ಟಿಕೊಂಡು ಸುಮ್ಮನೆ ಹೋದ. ಉದುರಿದ ಕಾಳಿಗೆ ಗುಬ್ಬಿ ಬಂದವು.

ಅಪ್ಪನಂತೆ ನೋಡಿಕೊಳ್ಳುತ್ತಿದ್ದರು ಎಂದು ನಮ್ಮ ಎರಡನೇ ಲೇಖಕರು ಬರೆದಾಗ ಸುಳ್ಳು ಬರೆದಿಲ್ಲ. ಆದರೆ ಸೇರು ಯಾರ ಕೈಯಲ್ಲಿತ್ತು ಎಂಬುದನ್ನು ಬಿಟ್ಟರು. ಅಂಬೇಡ್ಕರ್ 1936ರಲ್ಲೇ ಈ ದೇಹದ ಹೋಲಿಕೆಯ ಬುಡಕ್ಕೆ ಏಟು ಹಾಕಿದ್ದರು: ಜಾತಿ ಬರೀ ಕೆಲಸಗಳ ವಿಭಜನೆ ಅಲ್ಲ, ಕೆಲಸಗಾರರ ವಿಭಜನೆ. ದೇಹದಲ್ಲಿ ಕೈಯ ಮಗ ಕೈಯೇ ಆಗಬೇಕು ಎಂಬ ಕಟ್ಟಳೆ ಎಲ್ಲಿದೆ?

ಇನ್ನು ಮೊದಲನೇ ಲೇಖಕರಿಗೆ ನನ್ನ ತಕರಾರು ಬೇರೆ. ನಮ್ಮೂರ ಆಯವನ್ನು ಯಾವ ಕ್ರಾಂತಿಕಾರಿಯೂ ಮುರಿಯಲಿಲ್ಲ. ತುಂಗಭದ್ರಾ ಕಾಲುವೆ ನೀರು ಬಂತು, ಜೋಳ ಹೋಗಿ ಭತ್ತ ಬಂತು. ಮುಂದೆ ಕಟಾವು ಮಷೀನು ಬಂತು. ಭತ್ತ ಗದ್ದೆಯಿಂದ ಟ್ರ್ಯಾಕ್ಟರ್ ಹತ್ತಿ ನೇರ ರೈಸ್ ಮಿಲ್ಲಿಗೆ. ಕಣವೇ ಇಲ್ಲದ ಮೇಲೆ ಆಯ ಎಲ್ಲಿ? ಹಳೇ ಸಂಪ್ರದಾಯವಾದಿ ಪ್ರೀತಿಸಿದ ಊರನ್ನು ಕರಗಿಸಿದ್ದು ಹೊಸ ಸಂಪ್ರದಾಯವಾದಿ ಪ್ರೀತಿಸುವ ಮಾರುಕಟ್ಟೆ. ಇಬ್ಬರೂ ಒಂದೇ ವೇದಿಕೆ ಮೇಲೆ ಕೂತಾಗ ಈ ವಿಷಯ ಮಾತ್ರ ಯಾರೂ ತೆಗೆಯುವುದಿಲ್ಲ.

ಬಳ್ಳಾರಿ ಕಡೆಯ ಓದುಗರಿಗೆ ಒಂದು ಅಡ್ಡಮಾತು. 1800ರಲ್ಲಿ ನಿಜಾಮರು ಆ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಾಗ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಹಳೇ ಪದ್ಧತಿಗಳನ್ನು ಏಕಾಏಕಿ ಕೆಡಿಸಬಾರದು ಎನ್ನುತ್ತಿದ್ದ ಮನುಷ್ಯ. ಅದೇ ಮನುಷ್ಯ ಪಾಳೇಗಾರರನ್ನು ಅಡಗಿಸಿ, ರೈತ ನೇರವಾಗಿ ಸರ್ಕಾರಕ್ಕೇ ಕಂದಾಯ ಕಟ್ಟುವ ರೈತವಾರಿ ತಂದ. ನಡುವಿನ ಸಣ್ಣ ಅಪ್ಪಂದಿರು ಹೋದರು, ಒಬ್ಬನೇ ದೊಡ್ಡಪ್ಪ ಉಳಿದ.

ಈಗ ಗೃಹಲಕ್ಷ್ಮಿ. 2023ರಿಂದ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಇದೂ ಅಪ್ಪನ ಧೋರಣೆಯೇ ಅಲ್ವಾ ಎಂದು ನೀವು ಕೆಣಕಿದ್ದೀರಿ. ಸ್ವಲ್ಪ ಹೌದು. ಕೊಡುವವರು ತಮ್ಮ ಫೋಟೊ ಹಾಕಿಸಿಕೊಳ್ಳುವಾಗ ಪೂರ್ತಿ ಹೌದು. ಆದರೆ ನಮ್ಮ ಕಚೇರಿ ಕಸ ಗುಡಿಸುವ ಅಮ್ಮ ಒಂದು ತಿಂಗಳು ದುಡ್ಡು ಬಾರದಿದ್ದಾಗ ಪಾಸ್‌ಬುಕ್ ಹಿಡಿದು ಹೋಗಿ, "ಯಾಕ ಬಂದಿಲ್ಲ?" ಎಂದು ಜೋರು ಮಾಡಿ ಬಂದಳು. ಆಕೆಯ ಅಪ್ಪ ನಮ್ಮಂಥವರ ಕಣದಲ್ಲಿ ಹಾಗೆ ಕೇಳಿರಲಾರ. ನಮ್ಮ ಎರಡೂ ಲೇಖನಗಳಲ್ಲಿ ಈ ವ್ಯತ್ಯಾಸಕ್ಕೆ ಜಾಗ ಇರಲಿಲ್ಲ. ಅದು ಅವರಿಗಿಂತ ನನ್ನ ತಪ್ಪು, ಲೇಖನ ಆರಿಸಿದ್ದು ನಾನು.

ಹಣೆಪಟ್ಟಿ ಮುಂದಿನ ಸಲ ತಿದ್ದಿ ಹಾಕುತ್ತೇನೆ. ನೀವು ಒಂದು ಉಪಕಾರ ಮಾಡಬೇಕು. ಒಂದು ಕೂರಿಗೆ ಮಾಡಿಕೊಟ್ಟರೆ ನಿಮ್ಮ ತಂದೆಗೆ ಎಷ್ಟು ಸೇರು ಬರುತ್ತಿತ್ತು, ಗೋಪುರದ ಸೇರೋ ಮಟ್ಟದ ಸೇರೋ, ಮನೆಗೆ ಬಂದು ಅವರು ಏನು ಅನ್ನುತ್ತಿದ್ದರು, ಬರೆದು ಕಳಿಸಿ. ನಾಲ್ಕು ಪುಟ ಆದರೂ ಈ ಸಲ ಪೂರ್ತಿ ಅಚ್ಚು ಹಾಕುತ್ತೇನೆ.

ಸಂಪಾದಕ, ರಾಯಚೂರು