ಓದುಗರ ಪ್ರಶ್ನೆ: ಸೆಂಟರ್ ಸ್ಪೀಕರಿಗೆ ಸರಿಯಾದ ಜಾಗ ಯಾವುದು?

ಪ್ರಶ್ನೆ: ನಮ್ಮ ಹಾಲ್‌ನಲ್ಲಿ 55 ಇಂಚಿನ ಟಿವಿಯನ್ನು ಗೋಡೆಗೆ ಹಾಕಿಸಿದ್ದೇವೆ. ಅದರ ಕೆಳಗೆ ಎರಡು ಅಡಿ ಎತ್ತರದ ಟಿವಿ ಯೂನಿಟ್ ಇದ್ದು, ನಡುವಿನ ಖಾನೆಯಲ್ಲಿ ಸೆಂಟರ್ ಸ್ಪೀಕರ್ ಇಟ್ಟಿದ್ದೇವೆ. ಹಾಡು, ಹೊಡೆದಾಟದ ಸದ್ದು ಚೆನ್ನಾಗಿಯೇ ಬರುತ್ತದೆ. ಮಾತು ಮಾತ್ರ ಕಿವಿಗೆ ಬಿದ್ದರೂ ಸ್ಪಷ್ಟವಾಗಿ ತಿಳಿಯುವುದಿಲ್ಲ. ಮಾತಿಗೆಂದು ವಾಲ್ಯೂಮ್ ಏರಿಸಿದರೆ ಮುಂದಿನ ದೃಶ್ಯದಲ್ಲಿ ಮನೆಯೇ ಅದುರುತ್ತದೆ. ಇನ್ನೂ ದೊಡ್ಡ ಸೆಂಟರ್ ಸ್ಪೀಕರ್ ಕೊಳ್ಳಬೇಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೊಳ್ಳುವ ಮಾತನ್ನು ಸದ್ಯಕ್ಕೆ ಬದಿಗಿಡಿ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ತೊಂದರೆ ಇರುವುದು ಸ್ಪೀಕರಿನಲ್ಲಲ್ಲ, ಅದನ್ನು ಇಟ್ಟಿರುವ ಜಾಗದಲ್ಲಿ. 5.1 ಧ್ವನಿಯಲ್ಲಿ (ಐದು ಸ್ಪೀಕರು, ಜೊತೆಗೆ ಆಳದ ಸದ್ದಿಗೊಂದು ಪೆಟ್ಟಿಗೆ ಇರುವ ವ್ಯವಸ್ಥೆ) ಸಂಭಾಷಣೆಯ ಹೆಚ್ಚಿನ ಪಾಲು ಸೆಂಟರ್ ಚಾನೆಲ್ಲಿನಿಂದಲೇ ಬರುವುದರಿಂದ, ಆ ಒಂದು ಪೆಟ್ಟಿಗೆ ತಪ್ಪು ಜಾಗದಲ್ಲಿದ್ದರೆ ಉಳಿದ ಸ್ಪೀಕರುಗಳು ಎಷ್ಟೇ ಒಳ್ಳೆಯವಾಗಿದ್ದರೂ ಕಥೆ ಹಿಡಿಯುವುದು ಕಷ್ಟವಾಗುತ್ತದೆ.

ಖಾನೆಯೊಳಗೆ ಹಿಂದಕ್ಕೆ ಸರಿಸಿಟ್ಟ ಸ್ಪೀಕರಿನ ಧ್ವನಿಯು ನೇರವಾಗಿ ನಿಮ್ಮ ಕಿವಿಗೆ ಬರುವುದರ ಜೊತೆಗೆ, ಮೇಲಿನ ಹಲಗೆಗೂ ಪಕ್ಕದ ಹಲಗೆಗಳಿಗೂ ಮುಂದೆ ಉಳಿದ ತಳಕ್ಕೂ ಬಡಿದು, ಕ್ಷಣದ ಸಣ್ಣ ಭಾಗದಷ್ಟು ತಡವಾಗಿ ಮತ್ತೊಮ್ಮೆ ಬರುತ್ತದೆ. ಎರಡೂ ಸೇರಿದಾಗ ಕೆಲವು ಆವರ್ತನಗಳು ಕುಗ್ಗುತ್ತವೆ, ಕೆಲವು ಉಬ್ಬುತ್ತವೆ. ಮಾತಿನ ಅರ್ಥವನ್ನು ಹೊರುವ ಸ, ಶ, ತ, ಕ ಮುಂತಾದ ವ್ಯಂಜನಗಳು ಮಸುಕಾಗಿ, ಗಂಡು ದನಿಯ ಗುಂಯ್‌ಗುಡುವ ಕೆಳಸ್ತರ ಮಾತ್ರ ದಪ್ಪವಾಗಿ ಉಳಿಯುತ್ತದೆ. ಬಿಂದಿಗೆಯೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳಿಸುವುದು ಇದರಿಂದಲೇ.

ಟಿವಿಯ ಕೆಳ ಅಂಚಿಗೂ ಯೂನಿಟ್ಟಿನ ಮೇಲ್ಭಾಗಕ್ಕೂ ನಡುವೆ ಜಾಗವಿದ್ದರೆ ಸ್ಪೀಕರನ್ನು ಖಾನೆಯಿಂದ ತೆಗೆದು ಯೂನಿಟ್ಟಿನ ಮೇಲೆ, ಟಿವಿಯ ನಡುಗೆರೆಗೆ ಸರಿಯಾಗಿ ಇಡಿ. ಅದರ ಮುಖವು ಯೂನಿಟ್ಟಿನ ಮುಂದಿನ ಅಂಚಿಗೆ ಸಮನಾಗಿರಲಿ, ಒಂದೆರಡು ಸೆಂ.ಮೀ. ಹೊರಗೆ ಚಾಚಿದರೆ ಇನ್ನೂ ಒಳ್ಳೆಯದು. ಹಿಂದೆ ಸರಿಸಿಟ್ಟರೆ ಮುಂದೆ ಉಳಿಯುವ ಗ್ರಾನೈಟ್ ಅಥವಾ ಲ್ಯಾಮಿನೇಟ್ ಮೇಲ್ಮೈ ಮತ್ತೆ ಪ್ರತಿಫಲನಕ್ಕೆ ದಾರಿಯಾಗುತ್ತದೆ. ಟಿವಿಯ ರಿಮೋಟ್ ಸೆನ್ಸರ್ ಸಾಮಾನ್ಯವಾಗಿ ಕೆಳ ಅಂಚಿನಲ್ಲಿಯೇ ಇರುವುದರಿಂದ ಅದು ಮರೆಯಾಗದಂತೆ ನೋಡಿಕೊಳ್ಳಿ.

ಇನ್ನು ಓರೆಯ ವಿಷಯ. ಇದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಖರ್ಚಿಲ್ಲದೆ ಸಿಗುವ ಅತಿ ದೊಡ್ಡ ಸುಧಾರಣೆ ಇದೇ. ಸೋಫಾದಲ್ಲಿ ಕುಳಿತವರ ಕಿವಿ ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿರುತ್ತದೆ. ಯೂನಿಟ್ಟಿನ ಮೇಲಿಟ್ಟ ಸ್ಪೀಕರಿನ ಟ್ವೀಟರ್ (ಮೇಲಿನ ಆವರ್ತನಗಳನ್ನು ನುಡಿಸುವ ಚಿಕ್ಕ ಘಟಕ) ಸುಮಾರು 70 ಸೆಂ.ಮೀ. ಎತ್ತರದಲ್ಲಿದ್ದು, ನೀವು ಮೂರು ಮೀಟರ್ ದೂರದಲ್ಲಿ ಕೂರುತ್ತೀರೆಂದು ಇಟ್ಟುಕೊಳ್ಳಿ. ಆಗ 300 ಸೆಂ.ಮೀ. ದೂರಕ್ಕೆ 30 ಸೆಂ.ಮೀ. ಏರು, ಅಂದರೆ ಹತ್ತಕ್ಕೆ ಒಂದರ ಪ್ರಮಾಣ. ಸ್ಪೀಕರಿನ ಪೆಟ್ಟಿಗೆ 25 ಸೆಂ.ಮೀ. ಆಳವಿದ್ದರೆ ಅದರ ಮುಂಭಾಗವನ್ನು ಎರಡೂವರೆ ಸೆಂ.ಮೀ. ಎತ್ತಿದರೆ ಸಾಕು, ಟ್ವೀಟರ್ ನೇರವಾಗಿ ಕಿವಿಯತ್ತ ತಿರುಗುತ್ತದೆ. ಜಾರದ ರಬ್ಬರ್ ತುಂಡುಗಳನ್ನು ಮುಂಭಾಗದ ಕೆಳಗೆ ಕೊಟ್ಟರೆ ಕೆಲಸ ಮುಗಿಯಿತು. ಸರಿಯಾಯಿತೇ ಎಂದು ತಿಳಿಯಲು, ಸ್ಪೀಕರಿನ ಮುಂಬದಿಯ ಜಾಲರಿ ತೆಗೆದು, ಪೆಟ್ಟಿಗೆಯ ಅಂಚಿನ ಮರದ ಭಾಗಕ್ಕೆ ಚಿಕ್ಕದೊಂದು ಚಪ್ಪಟೆ ಕನ್ನಡಿಯನ್ನು ಒಬ್ಬರು ಒತ್ತಿ ಹಿಡಿಯಲಿ. ನಿಮ್ಮ ಜಾಗದಲ್ಲಿ ಕುಳಿತು ನೋಡಿದಾಗ ಅದರಲ್ಲಿ ನಿಮ್ಮ ಮುಖವೇ ಕಂಡರೆ ಓರೆ ಸರಿಯಾಗಿದೆ.

ಯೂನಿಟ್ಟಿನ ಮೇಲೆ ಜಾಗವೇ ಇಲ್ಲದಿದ್ದರೆ ಖಾನೆಯಲ್ಲಿಯೇ ಪೂರ್ತಿ ಮುಂದಕ್ಕೆಳೆದು, ಮೇಲ್ಮುಖವಾಗಿ ಓರೆಮಾಡಿ, ಸುತ್ತಲಿನ ಖಾಲಿ ಜಾಗಕ್ಕೆ ದಪ್ಪ ಫೋಮ್ ತುಂಬಿ. ಎಲ್ಲಿಟ್ಟರೂ ರಿಸೀವರಿನ (ಎಲ್ಲ ಸ್ಪೀಕರುಗಳಿಗೂ ಧ್ವನಿ ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆ) ಮೈಕ್ ಮೂಲಕ ಮಾಡುವ ಸೆಟ್ಟಿಂಗನ್ನು ಮತ್ತೊಮ್ಮೆ ನಡೆಸಲೇಬೇಕು. ಧ್ವನಿ ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂ.ಮೀ. ಸಾಗುತ್ತದೆ, ಸೆಂಟರ್ ಸ್ಪೀಕರ್ ಎಡಬಲದವುಗಳಿಗಿಂತ ಹತ್ತಿರವಿದ್ದರೆ, ಅಷ್ಟು ಸಮಯ ಅದನ್ನು ತಡೆದು ಮೂರನ್ನೂ ಒಟ್ಟಿಗೆ ತಲುಪಿಸುವ ಕೆಲಸವನ್ನು ರಿಸೀವರ್ ಮಾಡಿಕೊಳ್ಳುತ್ತದೆ. ಆಮೇಲೂ ಮಾತು ಸಣ್ಣದೆನಿಸಿದರೆ ಸೆಂಟರ್ ಚಾನೆಲ್ಲಿನ ಮಟ್ಟವನ್ನು ಮಾತ್ರ ಒಂದೆರಡು ಡೆಸಿಬೆಲ್ ಏರಿಸಿಕೊಳ್ಳಿ.

ಪ್ರಶ್ನೆ: ಮನೆಯಲ್ಲಿ ಅಂಬೆಗಾಲಿಡುವ ಮಗುವಿದೆ, ಕೆಳಗೆ ಏನಿಟ್ಟರೂ ಎಳೆಯುತ್ತದೆ. ಸೆಂಟರ್ ಸ್ಪೀಕರನ್ನು ಟಿವಿಯ ಮೇಲ್ಗಡೆ ಹಾಕಿಸಿದರೆ ಮಾತು ಆಕಾಶದಿಂದ ಬಂದಂತೆ ಕೇಳಿಸುತ್ತದೆ ಎನ್ನುತ್ತಾರೆ. ಹೌದೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೇಲೆ ಹಾಕಿಸುವುದರಲ್ಲಿ ತಪ್ಪಿಲ್ಲ. ಧ್ವನಿ ಎಡದಿಂದ ಬಂತೋ ಬಲದಿಂದ ಬಂತೋ ಎಂಬುದನ್ನು ನಮ್ಮ ಕಿವಿ ಬಹಳ ನಿಖರವಾಗಿ ಗುರುತಿಸುತ್ತದೆ. ಮೇಲೆ ಕೆಳಗಿನ ವ್ಯತ್ಯಾಸದಲ್ಲಿ ಅಷ್ಟು ನಿಖರತೆ ಇಲ್ಲ. ತೆರೆಯ ಮೇಲೆ ತುಟಿ ಅಲುಗುವುದನ್ನು ಕಣ್ಣು ನೋಡುತ್ತಿರುವಾಗ ಮನಸ್ಸು ಧ್ವನಿಯನ್ನು ಆ ಮುಖಕ್ಕೇ ಜೋಡಿಸಿಬಿಡುತ್ತದೆ. ಆದರೆ ಈ ಸಹಾಯಕ್ಕೂ ಮಿತಿಯಿದೆ. ಆದ್ದರಿಂದ ಸ್ಪೀಕರ್ ಟಿವಿಯ ಮೇಲಂಚಿಗೆ ಆದಷ್ಟು ಹತ್ತಿರವಿರಲಿ, ಸೀಲಿಂಗಿನ ಹತ್ತಿರ ಬೇಡ. ಮುಖ ಕೆಳಗೆ ಬಾಗಿ ನಿಮ್ಮ ಕಿವಿಯನ್ನೇ ನೋಡಲಿ. ಎಡಬಲದ ಸ್ಪೀಕರುಗಳ ಟ್ವೀಟರುಗಳೂ ಅದಕ್ಕಿಂತ ಬಹಳ ತಗ್ಗಿನಲ್ಲಿರಬಾರದು, ಇದ್ದರೆ ತೆರೆಯ ಮೇಲೆ ಅಡ್ಡ ಹಾಯುವ ಕಾರಿನ ಸದ್ದು ಮಧ್ಯದಲ್ಲಿ ಮೇಲೆದ್ದು ಇಳಿದಂತೆ ಕೇಳಿಸುತ್ತದೆ. ಬ್ರಾಕೆಟ್ಟನ್ನು ಜಿಪ್ಸಮ್ ಅಥವಾ ಪ್ಲೈವುಡ್ ಪ್ಯಾನೆಲಿಗಷ್ಟೇ ಕೊಡಿಸದೆ ಹಿಂದಿನ ಗಟ್ಟಿ ಗೋಡೆಗೇ ಕೊಡಿಸಿ. ಕೆಳಗೆ ಮಗು ಓಡಾಡುವ ಮನೆಯಲ್ಲಿ ಇದನ್ನು ಮಾತ್ರ ಸಡಿಲ ಬಿಡಬೇಡಿ.

ಪ್ರಶ್ನೆ: ನಡುವೆ ಕುಳಿತರೆ ಮಾತು ಸ್ಫಟಿಕದಷ್ಟು ಸ್ಪಷ್ಟ. ಆದರೆ ಪಕ್ಕದ ಕುರ್ಚಿಯಲ್ಲಿ ಕೂರುವ ನಮ್ಮ ತಂದೆಯವರು ಮಾತು ತಿಳಿಯುವುದಿಲ್ಲ ಎನ್ನುತ್ತಾರೆ. ಅವರ ವಯಸ್ಸಿನ ಕಾರಣವೆಂದುಕೊಂಡಿದ್ದೆವು. ಅಲ್ಲಿ ಕುಳಿತು ನೋಡಿದರೆ ನನಗೂ ಹಾಗೆಯೇ ಆಯಿತು.
– ಓದುಗರೊಬ್ಬರು, ಬೆಂಗಳೂರು

ಉತ್ತರ: ಆ ಕುರ್ಚಿಯಲ್ಲಿ ಕುಳಿತು ನೋಡಿದ್ದು ಬಹಳ ಒಳ್ಳೆಯದಾಯಿತು. ಅಡ್ಡಡ್ಡ ಮಲಗಿದ ಬಹುತೇಕ ಸೆಂಟರ್ ಸ್ಪೀಕರುಗಳಲ್ಲಿ ನಡುವೆ ಟ್ವೀಟರ್, ಅದರ ಎರಡೂ ಪಕ್ಕದಲ್ಲಿ ಒಂದೊಂದು ವೂಫರ್ (ಕೆಳಗಿನ ಆವರ್ತನಗಳನ್ನು ನುಡಿಸುವ ದೊಡ್ಡ ಘಟಕ) ಇರುತ್ತದೆ. ನಡುವೆ ಕುಳಿತವರಿಗೆ ಎರಡೂ ವೂಫರುಗಳು ಸಮದೂರದಲ್ಲಿರುವುದರಿಂದ ಅವುಗಳ ಧ್ವನಿ ಒಟ್ಟಿಗೆ ತಲುಪುತ್ತದೆ. ಪಕ್ಕಕ್ಕೆ ಸರಿದವರಿಗೆ ಒಂದು ಹತ್ತಿರ, ಇನ್ನೊಂದು ದೂರ. ವೂಫರುಗಳ ನಡುವೆ 30 ಸೆಂ.ಮೀ. ಅಂತರವಿದ್ದು ಕುರ್ಚಿ 30 ಡಿಗ್ರಿ ಪಕ್ಕದಲ್ಲಿದ್ದರೆ ಈ ವ್ಯತ್ಯಾಸ ಸುಮಾರು 15 ಸೆಂ.ಮೀ. ಆಗುತ್ತದೆ, ಸುಮಾರು 1,150 ಹರ್ಟ್ಜ್ ಆವರ್ತನಕ್ಕೆ ಅದು ಸರಿಯಾಗಿ ಅರ್ಧ ಅಲೆ, ಆದ್ದರಿಂದ ಅಲ್ಲಿ ಎರಡರ ಧ್ವನಿಯೂ ಒಂದನ್ನೊಂದು ಅಳಿಸಿಹಾಕುತ್ತದೆ. ಮಾತಿನ ನಡುಭಾಗವೇ ಅದು. ಟ್ವೀಟರ್ ಇನ್ನೂ ಮೇಲಿನ ಆವರ್ತನದಿಂದ ಕೆಲಸ ಶುರುಮಾಡುವುದರಿಂದ ಅದು ಈ ತಗ್ಗನ್ನು ತುಂಬಲಾರದು.

ಕೋನ ಕಡಿಮೆಯಾದಷ್ಟೂ ಈ ತಗ್ಗು ಮೇಲಕ್ಕೆ ಸರಿದು ಮಾತಿಗಾಗುವ ಹಾನಿ ಕಡಿಮೆಯಾಗುತ್ತದೆ. ಹಾಗಾಗಿ ಮೊದಲು ಮಾಡಬೇಕಾದದ್ದು ತಂದೆಯವರ ಕುರ್ಚಿಯನ್ನು ಸೋಫಾದತ್ತ ಒಂದೂವರೆ ಎರಡು ಅಡಿ ಸರಿಸುವುದು, ಅಥವಾ ಎಲ್ಲ ಆಸನಗಳನ್ನೂ ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳುವುದು. ಅಡ್ಡ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಲು ಜಾಗವಿದ್ದರೆ ನಿಲ್ಲಿಸಿಬಿಡಿ. ನೋಡಲು ವಿಚಿತ್ರವೆನಿಸಿದರೂ ವೂಫರುಗಳು ಒಂದರ ಮೇಲೊಂದು ಬಂದಾಗ ಅಕ್ಕಪಕ್ಕದವರಿಗೆಲ್ಲ ಅವು ಸಮದೂರವೇ ಆಗುತ್ತವೆ. ಮುಂದೆಂದಾದರೂ ಬದಲಾಯಿಸುವುದಾದರೆ, ಟ್ವೀಟರಿನ ಕೆಳಗೆ ಪ್ರತ್ಯೇಕ ಮಿಡ್‌ರೇಂಜ್ (ನಡುವಿನ ಆವರ್ತನಗಳಿಗೆಂದೇ ಇರುವ ಘಟಕ) ಇರುವ ಮೂರು ದಾರಿಯ (ಥ್ರೀ-ವೇ) ಸೆಂಟರ್ ಸ್ಪೀಕರನ್ನು ಆರಿಸಿಕೊಳ್ಳಿ.

ಪ್ರಶ್ನೆ: ನಾನು ಒಬ್ಬನೇ ನೋಡುವವನು. ಸೆಂಟರ್ ಸ್ಪೀಕರ್ ಇಲ್ಲದೆ ನಡೆಯುವುದಿಲ್ಲವೆ?
– ಓದುಗರೊಬ್ಬರು, ಮಂಗಳೂರು

ಉತ್ತರ: ನಡೆಯುತ್ತದೆ. ರಿಸೀವರಿನಲ್ಲಿ ಸೆಂಟರ್ ಇಲ್ಲವೆಂದು ನಮೂದಿಸಿದರೆ ಮಾತು ಎಡಬಲದ ಸ್ಪೀಕರುಗಳಿಗೆ ಸಮನಾಗಿ ಹಂಚಿಹೋಗಿ, ಸರಿಯಾಗಿ ನಡುವೆ ಕುಳಿತವರಿಗೆ ತೆರೆಯ ಮಧ್ಯದಿಂದಲೇ ಬಂದಂತೆ ಕೇಳಿಸುತ್ತದೆ. ಆದರೆ ಒಂದಡಿ ಪಕ್ಕಕ್ಕೆ ಸರಿದರೂ ಮಾತು ಹತ್ತಿರದ ಸ್ಪೀಕರಿಗೆ ಜಾರಿಬಿಡುತ್ತದೆ. 1933ರಲ್ಲಿ ಅಮೆರಿಕದ ದೂರವಾಣಿ ಸಂಶೋಧನಾ ಸಂಸ್ಥೆಯಾದ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯಾದ ವಾದ್ಯಗೋಷ್ಠಿಯನ್ನು ವಾಷಿಂಗ್ಟನ್ನಿನ ಸಭಾಂಗಣಕ್ಕೆ ತಂತಿಯ ಮೂಲಕ ಕೇಳಿಸಿದಾಗ ಎರಡರ ಬದಲು ಮೂರು ಚಾನೆಲ್ ಬಳಸಿದ್ದರು. ಸಭೆಯ ಅಗಲಕ್ಕೂ ಕುಳಿತ ಅನೇಕರಿಗೆ ನಡುವಿನ ಧ್ವನಿ ನಡುವಿನಲ್ಲಿಯೇ ನಿಲ್ಲಲು ಮೂರನೆಯದು ಬೇಕಾಗುತ್ತದೆ. ನಿಮ್ಮದು ಒಂದೇ ಕುರ್ಚಿಯಾದ್ದರಿಂದ, ಎಡಬಲದ ಸ್ಪೀಕರುಗಳನ್ನು ನಿಮ್ಮಿಂದ ಸಮದೂರದಲ್ಲಿ, ನಡುಗೆರೆಯಿಂದ 22ರಿಂದ 30 ಡಿಗ್ರಿಯೊಳಗೆ ಇಟ್ಟುಕೊಂಡು ಆ ಹಣವನ್ನು ಉಳಿಸಬಹುದು. ಮನೆಗೆ ನೆಂಟರು ಬಂದು ಒಟ್ಟಿಗೆ ಕುಳಿತು ನೋಡುವುದು ಹೆಚ್ಚಾದರೆ ಆಗ ಕೊಂಡರಾಯಿತು, ಅದೂ ನಿಮ್ಮ ಎಡಬಲದ ಸ್ಪೀಕರುಗಳ ಸರಣಿಯದನ್ನೇ.