ಫ್ರಾನ್ಸಿನ ಸೋತೆರ್ನ್ ವೈನ್ ಅಷ್ಟು ಸಿಹಿ ಏಕೆ? ಅಷ್ಟು ದುಬಾರಿ ಏಕೆ?

ಎರಡಕ್ಕೂ ಕಾರಣ ಒಂದು ಬೂಷ್ಟು: ಬೊಟ್ರೈಟಿಸ್ ಸಿನೆರಿಯಾ. ಬೋರ್ಡೋ ನಗರದ ಆಗ್ನೇಯಕ್ಕೆ ಸುಮಾರು 40 ಕಿ.ಮೀ. ದೂರದ ಸೋತೆರ್ನ್ ಸೀಮೆಯಲ್ಲಿ ಸಿರೋನ್ ಎಂಬ ತಣ್ಣನೆಯ ಹೊಳೆ ಬೆಚ್ಚಗಿನ ಗರೋನ್ ನದಿಯನ್ನು ಸೇರುತ್ತದೆ. ಅದರಿಂದ ಶರತ್ಕಾಲದ ಬೆಳಗುಗಳಲ್ಲಿ ಮಂಜು ಕವಿದು ದ್ರಾಕ್ಷಿಗೆ ಬೂಷ್ಟು ಹಿಡಿಯುತ್ತದೆ. ತೆಳು ಸಿಪ್ಪೆಯ ಸೆಮಿಯೋನ್ ತಳಿಗೆ ಇದು ಬೇಗ ತಗಲುತ್ತದೆ. ಬೂಷ್ಟು ಸಿಪ್ಪೆಯನ್ನು ಸಡಿಲಿಸುತ್ತದೆ, ಮಧ್ಯಾಹ್ನದ ಬಿಸಿಲಿಗೆ ನೀರು ಆವಿಯಾಗುತ್ತದೆ, ಸಕ್ಕರೆ ಮತ್ತು ಹುಳಿ ಎರಡೂ ಸಾಂದ್ರವಾಗುತ್ತವೆ. ಆ ಹುಳಿ ಇಲ್ಲದಿದ್ದರೆ ವೈನ್ ಬರೀ ಪಾಕದಂತಿರುತ್ತಿತ್ತು. ಹುದುಗುವಿಕೆ ಸುಮಾರು 14% ಆಲ್ಕೋಹಾಲಿಗೆ ನಿಂತಾಗಲೂ ಲೀಟರಿಗೆ 100 ಗ್ರಾಂಗಿಂತ ಹೆಚ್ಚು ಸಕ್ಕರೆ ಉಳಿದಿರುತ್ತದೆ.

ಬಿಸಿಲು ಬಾರದೆ ಮಳೆಯೇ ಹಿಡಿದುಕೊಂಡರೆ ಅದೇ ಬೂಷ್ಟು ಗೊಂಚಲನ್ನು ಕೊಳೆಸಿಬಿಡುತ್ತದೆ. ಹೀಗಾಗಿಯೇ 2012ರಲ್ಲಿ ಇಲ್ಲಿನ ಹೆಸರಾಂತ ವೈನ್ ತೋಟ ಶಾತೋ ದಿಕೆಮ್ ತನ್ನ ಸಿಹಿ ವೈನನ್ನು ಹೊರತರಲೇ ಇಲ್ಲ. ಗೊಂಚಲಿನ ಹಣ್ಣುಗಳಿಗೆಲ್ಲ ಬೂಷ್ಟು ಒಟ್ಟಿಗೆ ಹಿಡಿಯುವುದಿಲ್ಲವಾದ್ದರಿಂದ ಕೊಯ್ಲುಗಾರರು ವಾರಗಟ್ಟಲೆ ಅದೇ ಸಾಲುಗಳಿಗೆ ಮತ್ತೆ ಮತ್ತೆ ಬಂದು, ಹದವಾದ ಹಣ್ಣನ್ನಷ್ಟೇ ಕೈಯಲ್ಲಿ ಆರಿಸುತ್ತಾರೆ. ನಿಯಮದ ಪ್ರಕಾರವೇ ಇಳುವರಿ ಹೆಕ್ಟೇರಿಗೆ 2,500 ಲೀಟರ್ ಮೀರುವಂತಿಲ್ಲ. ದಿಕೆಮ್‌ನಲ್ಲಿ ಒಂದು ಬಳ್ಳಿಗೆ ಸಿಗುವುದು ಸುಮಾರು ಒಂದು ಲೋಟ.

ಕುಡಿಯುವಾಗ 10–12 ಡಿಗ್ರಿಗೆ ತಂಪು ಮಾಡಿ. ಇನ್ನೂ ತಣ್ಣಗಾದರೆ ಏಪ್ರಿಕಾಟ್, ಜೇನಿನ ಪರಿಮಳ ಅಡಗಿಹೋಗುತ್ತದೆ.